ಸಿಂಧನೂರು–ಮುದಗಲ್–ಹಂಪಿ–ಬಳ್ಳಾರಿ: ಮೂರು ದಿನದ ಕುಟುಂಬ ಪ್ರವಾಸದಲ್ಲಿ ಪ್ರಾರ್ಥನೆ, ವಾಕ್ಯ, ವಿಶ್ರಾಂತಿ ಹೊಂದಿಸುವುದು ಹೇಗೆ?

ಸಿಂಧನೂರಿನ ಸೊಸೆ (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ದಸರಾ ರಜೆಯಲ್ಲಿ ಶುಕ್ರವಾರ ಬೆಳಗ್ಗೆ ಸಿಂಧನೂರು ಬಿಟ್ಟು ಭಾನುವಾರ ರಾತ್ರಿ ವಾಪಸ್ ಬರುವ ಹಾಗೆ ಪ್ರವಾಸ ಹಾಕಿಕೊಳ್ಳುತ್ತಿದ್ದೇವೆ. ಒಟ್ಟು ಹತ್ತು ಜನ: ಮಾವ (72), ಅತ್ತೆ (68), ನಾವಿಬ್ಬರು, ಮೈದುನ ಮತ್ತು ಅವನ ಹೆಂಡತಿ, ಅವಳ ತಾಯಿ, ಮೂರು ಮಕ್ಕಳು (15, 11, 6). ನಾವು ಮೆಥೋಡಿಸ್ಟ್ ಸಭೆಯವರು. ಮೈದುನನ ಅತ್ತೆ ಲಿಂಗಾಯತರು, ದಿನಾ ಇಷ್ಟಲಿಂಗ ಪೂಜೆ ಮಾಡುವವರು, ಶುದ್ಧ ಸಸ್ಯಾಹಾರಿ.

ಸದ್ಯದ ಯೋಜನೆ: ಮಸ್ಕಿಯ ಅಶೋಕನ ಶಾಸನ, ಮುದಗಲ್ ಚರ್ಚ್ ಮತ್ತು ಕೋಟೆ, ಆನೆಗೊಂದಿ, ಹಂಪಿ, ತುಂಗಭದ್ರಾ ಡ್ಯಾಮ್, ಬಳ್ಳಾರಿ. ಬರೀ ನೋಡಿ ಫೋಟೊ ತೆಗೆದುಕೊಂಡು ಬರುವುದು ಬೇಡ, ಮಕ್ಕಳ ವಿಶ್ವಾಸಕ್ಕೂ ಏನಾದರೂ ದಕ್ಕಬೇಕು ಅಂತ ಆಸೆ. ಮಾವನವರಿಗೆ ಬೆಳಗ್ಗೆ ಒಂದು ತಾಸು, ರಾತ್ರಿ ಊಟವಾದ ಮೇಲೆ ಒಂದು ತಾಸು ಕುಟುಂಬ ಪ್ರಾರ್ಥನೆ ಆಗಲೇಬೇಕು. ದೊಡ್ಡ ಮಗ ಈಗಲೇ ಮುಖ ಗಂಟು ಹಾಕಿಕೊಂಡಿದ್ದಾನೆ.

ಕೇಳಬೇಕಾದದ್ದು ಇಷ್ಟು. ಮೂರು ದಿನಕ್ಕೆ ಇಷ್ಟು ಊರು ಆಗುತ್ತದೆಯೇ? ಪ್ರಾರ್ಥನೆ ಎಷ್ಟು ಹೊತ್ತು, ಯಾವಾಗ, ಯಾವ ವಾಕ್ಯ? ಮುದಗಲ್‌ನಲ್ಲಿರುವುದು ಕ್ಯಾಥೊಲಿಕ್ ಚರ್ಚ್, ಅಲ್ಲಿ ನಾವು ಹೇಗೆ ನಡೆದುಕೊಳ್ಳಬೇಕು? ಬೀಗಿತಿಯವರಿಗೆ ಮುಜುಗರ ಆಗದ ಹಾಗೆ ಇದನ್ನೆಲ್ಲ ನಡೆಸುವುದು ಹೇಗೆ?

---

ಗಂಗಾವತಿ ಗಾಡಿ

ನಮಸ್ಕಾರ್ರಿ ಅಕ್ಕಾರ. ಮೊದ್ಲು ದಾರಿ ಮಾತಾಡೋಣ, ಯಾಕಂದ್ರ ಗಾಡ್ಯಾಗ ಮಂದಿ ಸುಸ್ತಾದ್ರ ಪ್ರಾರ್ಥನೆನೂ ಇಲ್ಲ, ಪ್ರವಾಸನೂ ಇಲ್ಲ.

ಹತ್ತು ಮಂದಿಗೆ ಕ್ರೂಸರ್ ತಗೋಬ್ಯಾಡ್ರಿ. ಮಂದಿ ಹಿಡಿತಾರ ಖರೆ, ಆದ್ರ ಹಿಂದಿನ ಸೀಟು ಅಡ್ಡ ಇರ್ತಾವ. ಮೂರು ತಾಸು ಅಡ್ಡ ಕುಂತ್ರ ವಯಸ್ಸಾದವ್ರಿಗೆ ಸೊಂಟ ಹಿಡಿತದ, ಸಣ್ಣ ಹುಡುಗ್ರು ವಾಂತಿ ಮಾಡ್ಕೋತಾವ. ಹನ್ನೆರಡು ಸೀಟಿನ ಟೆಂಪೊ ಟ್ರಾವೆಲರ್ ಸರಿ, ಎಲ್ಲಾ ಸೀಟು ಮುಂದಕ್ಕ ಮುಖ. ಹಳದಿ ಬೋರ್ಡೇ ಇರ್ಬೇಕು. ಬಿಳಿ ಬೋರ್ಡ್ ಗಾಡಿ ಬಾಡಿಗಿಗೆ ಹಿಡಿದು ಏನಾರ ಅಪಘಾತ ಆದ್ರ ವಿಮಾದವ್ರು ತಕರಾರು ತಗೀತಾರ. ಮಾತಾಡುವಾಗ ನಾಕು ವಿಷಯ ಬರದು ತಗೋರಿ: ಕಿಲೋಮೀಟರಿಗೆ ಎಷ್ಟು, ದಿನಕ್ಕ ಕನಿಷ್ಠ ಎಷ್ಟು ಕಿಲೋಮೀಟರ್ ಹಿಡಿತಾರ, ಡ್ರೈವರ್ ಬಾಟಾ ಎಷ್ಟು, ಟೋಲು ಪಾರ್ಕಿಂಗ್ ಯಾರದು. ಡ್ರೈವರ್‌ಗೆ ರಾತ್ರಿ ಮಲಗಾಕ ಹಾಸಿಗಿ ಇರೋ ಜಾಗ ಕೊಡ್ರಿ. ಗಾಡ್ಯಾಗ ಮಲಗಿಸಿ ಮರುದಿನ ಆರಕ್ಕ ಎಬ್ಬಿಸಿದ್ರ ಮಧ್ಯಾಹ್ನ ಊಟ ಆದ ಮ್ಯಾಲೆ ಅಂವ ತೂಕಡಿಸ್ತಾನ. ಸಿರುಗುಪ್ಪ ರಸ್ತ್ಯಾಗ ಭತ್ತದ ಟ್ರ್ಯಾಕ್ಟರ್ ಹಿಂದ ಲೈಟಿಲ್ದ ಹೊಂಟಿರ್ತಾವ.

ದಾರಿ ಸುತ್ತು ಹಾಕಿದ್ದು ಚಲೋ ಐತಿ, ಬಂದ ದಾರಿಗೆ ತಿರುಗಿ ಬರೋದು ಬ್ಯಾಡ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್. ಅಲ್ಲಿಂದ ತಾವರಗೇರಾ, ಕನಕಗಿರಿ ಮ್ಯಾಲೆ ಗಂಗಾವತಿ. ಗಂಗಾವತಿಯಿಂದ ಕಡೇಬಾಗಿಲು–ಬುಕ್ಕಸಾಗರ ಸೇತುವಿ ದಾಟಿದ್ರ ಕಮಲಾಪುರ. ವಾಪಸ್ ಬಳ್ಳಾರಿ, ಸಿರುಗುಪ್ಪ, ದಡೇಸುಗೂರು ಮ್ಯಾಲೆ ಸಿಂಧನೂರು, ನೂರು ಕಿಲೋಮೀಟರ್ ಆಸುಪಾಸು.

ಆದ್ರ ಡ್ಯಾಮ್ ಬಿಡ್ರಿ. ಆರು ಜಾಗದಾಗ ಒಂದು ಬಿಟ್ರ ಉಳಿದದ್ದು ಸಮಾಧಾನದಿಂದ ನೋಡ್ಬೋದು. ಹಂಪ್ಯಾಗ ವಿಠ್ಠಲ ಗುಡಿಗೆ ಗಾಡಿ ಹೋಗಂಗಿಲ್ಲ, ಬ್ಯಾಟರಿ ಗಾಡಿ ಹತ್ಬೇಕು, ರಜಾದಾಗ ಅದಕ್ಕ ಸಾಲು. ಬೆಳಗ್ಗೆ ಎಂಟೂವರಿ ಒಳಗ ಅಲ್ಲಿದ್ರ ಅಜ್ಜಾರು ಅಜ್ಜಿ ಬಿಸಲಾಗ ನಿಲ್ಲೋದು ತಪ್ತದ. ಅಲ್ಲಿ ತಗೊಂಡ ಟಿಕೆಟ್ ಅದೇ ದಿನ ರಾಣಿವಾಸದ ಆವರಣಕ್ಕೂ ನಡಿತದ, ಎಸೀಬ್ಯಾಡ್ರಿ. ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ದೊಡ್ಡಾವಗ ತಗೋಬೇಕು. ಮಾತಂಗ ಬೆಟ್ಟ ಅಜ್ಜಾರಿಗೆ ಬ್ಯಾಡ, ಮೆಟ್ಲು ಎತ್ತರ, ಕೆಲವು ಕಡೆ ಹಿಡಿಯಾಕ ಏನೂ ಇಲ್ಲ. ಹರಗೋಲು ಹತ್ತೋದಿದ್ರ ಲೈಫ್ ಜಾಕೆಟ್ ಎಲ್ಲಾರಿಗೂ ಕೊಟ್ರ ಮಾತ್ರ, ಡ್ಯಾಮಿನಿಂದ ನೀರು ಬಿಟ್ಟ ದಿನ ಹತ್ಲೇಬ್ಯಾಡ್ರಿ.

ಇನ್ನೊಂದು. ಓಡೋ ಗಾಡ್ಯಾಗ ಸತ್ಯವೇದ ಓದಿಸಬ್ಯಾಡ್ರಿ. ಅಕ್ಷರ ನೋಡಿದ್ರ ಮಕ್ಕಳಿಗೆ ತಲಿ ತಿರುಗ್ತದ. ಹಾಡ್ರಿ ಬೇಕಾದ್ರ.

---

ಭಾನುವಾರದ ಶಾಲೆ

ಅಕ್ಕ, ಸಂಡೇ ಸ್ಕೂಲ್ ಪಾಠಗಳನ್ನು ಹೊಂದಿಸುವ ಕೆಲಸದಿಂದ ತಿಳಿದದ್ದನ್ನು ಬರೆಯುತ್ತೇನೆ. ಗಂಗಾವತಿ ಗಾಡಿಯವರು ಡ್ರೈವರನ ನಿದ್ದೆಯ ಬಗ್ಗೆ ಹೇಳಿದ್ದನ್ನು ಬರೀ ಗಾಡಿಯ ವಿಷಯ ಅಂದುಕೊಳ್ಳಬೇಡಿ. ಧರ್ಮೋಪದೇಶಕಾಂಡ 5:14 ತೆಗೆದು ನೋಡಿ. ವಿಶ್ರಾಂತಿ ದಿನ ಯಾರಿಗೆ ಅಂತ ಅಲ್ಲಿ ಪಟ್ಟಿಯೇ ಇದೆ: ನೀನು, ನಿನ್ನ ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ನಿನ್ನ ಊರಲ್ಲಿರುವ ಪರದೇಶಸ್ಥ. ಅಷ್ಟಕ್ಕೇ ನಿಲ್ಲದೆ, ನಿನ್ನ ಹಾಗೆಯೇ ನಿನ್ನ ಆಳಿಗೂ ವಿಶ್ರಾಂತಿ ಸಿಗಲಿ ಅಂತ ಕಾರಣವನ್ನೂ ಕೊಡುತ್ತದೆ. ನಿಮ್ಮ ಪ್ರವಾಸದಲ್ಲಿ ಈ ಪಟ್ಟಿಗೆ ಯಾರು ಬರುತ್ತಾರೆ? ಡ್ರೈವರು. ನೀವು. ನಿಮ್ಮ ನೆಗೆಣ್ಣಿ. ಅತ್ತೆಯವರು. ಉಳಿದವರು ರಜೆಯಲ್ಲಿದ್ದು ಮೂರು ಹೆಂಗಸರು ಸ್ಟೋವ್ ಮುಂದೆ ಇದ್ದರೆ, ಬಾಯಲ್ಲಿ ಎಷ್ಟೇ ವಾಕ್ಯ ಓದಿದರೂ ಮಕ್ಕಳು ಕಲಿಯುವುದು ಕಣ್ಣಿಗೆ ಕಂಡದ್ದನ್ನೇ. ಕುಟುಂಬ ಪ್ರವಾಸವನ್ನು ವಿಶ್ವಾಸದ ಪ್ರವಾಸ ಮಾಡಬೇಕಾದರೆ ಕೆಲಸ ಹಂಚುವುದೇ ಮೊದಲ ಪಾಠ.

ಹೊರಡುವ ಹಿಂದಿನ ದಿನ ಕೂತು ಹಂಚಿಕೊಳ್ಳಿ. ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ಎರಡು ಬೆಳಗಿನ ತಿಂಡಿ ಮುಗಿಯಿತು. ಹತ್ತು ಜನಕ್ಕೆ ನಲವತ್ತು ರೊಟ್ಟಿ ಸಾಕು. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದರೆ ಬೆವತು ಮೆತ್ತಗಾಗಿ ಬೂಸು ಹಿಡಿಯುತ್ತವೆ, ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ. ಮೊಸರನ್ನು ಊರೂರಿನಲ್ಲಿ ಕೊಳ್ಳಿ. ಮಧ್ಯಾಹ್ನ, ರಾತ್ರಿ ಖಾನಾವಳಿ. ತಟ್ಟೆ ತೊಳೆಯುವುದು, ನೀರು ತುಂಬುವುದು, ಚೀಲ ಎಣಿಸುವುದು ಗಂಡಸರು ಮತ್ತು ದೊಡ್ಡ ಹುಡುಗನದು. ಇದನ್ನು ಮಾವನವರ ಬಾಯಿಂದಲೇ ಹೇಳಿಸಿದರೆ ತೂಕ ಬೇರೆ.

ಪ್ರಾರ್ಥನೆಯ ಹೊತ್ತಿಗೆ ಬರೋಣ. ರಾತ್ರಿ ಊಟದ ನಂತರ ಒಂದು ತಾಸು ಅನ್ನುವುದು ಪ್ರವಾಸದಲ್ಲಿ ನಡೆಯುವುದಿಲ್ಲ. ಆರು ವರ್ಷದ ಮಗು ಮಲಗಿರುತ್ತದೆ, ಹನ್ನೊಂದರದ್ದು ತೂಕಡಿಸುತ್ತದೆ, ದೊಡ್ಡವನು ಎಷ್ಟು ಹೊತ್ತು ಉಳಿಯಿತು ಅಂತ ಲೆಕ್ಕ ಹಾಕುತ್ತಿರುತ್ತಾನೆ. ಬೆಳಗಿನ ಒಂದು ತಾಸೂ ಹಾಗೇ. ಹತ್ತು ಜನಕ್ಕೆ ಎರಡೋ ಮೂರೋ ಬಚ್ಚಲು, ಕೊನೆಯವರು ಸ್ನಾನ ಮುಗಿಸುವ ಹೊತ್ತಿಗೆ ಮೊದಲಿನವರು ಹೊರಗೆ ಅಡ್ಡಾಡಲು ಹೋಗಿರುತ್ತಾರೆ. ಹೀಗೆ ಮಾಡಿ:

ಬೆಳಗ್ಗೆ ಎಲ್ಲರೂ ಗಾಡಿ ಹತ್ತಿದ ಮೇಲೆ, ಎಂಜಿನ್ ಶುರು ಮಾಡುವ ಮೊದಲು, ಐದು ನಿಮಿಷ. ಒಂದು ಕೀರ್ತನೆಯ ನಾಲ್ಕೈದು ವಚನ, ಮಾವನವರ ಪ್ರಾರ್ಥನೆ. ಡ್ರೈವರನ ಹೆಸರನ್ನೂ ಸೇರಿಸಿ ಪ್ರಾರ್ಥಿಸಲಿ. ಸಂಜೆ ಊಟಕ್ಕೆ ಮೊದಲು ಹದಿನೈದು ನಿಮಿಷ: ಒಂದು ಹಾಡು, ಒಂದು ಭಾಗ, ಮಕ್ಕಳಿಗೆ ಒಂದೇ ಒಂದು ಪ್ರಶ್ನೆ, ಪ್ರಾರ್ಥನೆ. ಊಟಕ್ಕೆ ಮೊದಲು ಇದ್ದರೆ ಎಲ್ಲರೂ ಎಚ್ಚರ ಇರುತ್ತಾರೆ, ಉದ್ದವೂ ಆಗುವುದಿಲ್ಲ. ಮಾವನವರಿಗೆ ಇನ್ನೂ ಬೇಕೆನಿಸಿದರೆ ಅವರೂ ಅತ್ತೆಯವರೂ ತಮ್ಮ ಕೋಣೆಯಲ್ಲಿ ಮುಂದುವರಿಸಲಿ. ಅದಕ್ಕಾಗಿ ಅವರಿಗೆ ಬೇರೆ ಕೋಣೆ ಕೊಡಿ.

ಓದುವ ಭಾಗಗಳನ್ನು ಜಾಗಕ್ಕೆ ತಕ್ಕಂತೆ ಆರಿಸಿ, ಆಗ ವಿವರಿಸುವ ಅಗತ್ಯವೇ ಬರುವುದಿಲ್ಲ. ಕೀರ್ತನೆ 120ರಿಂದ 134ರವರೆಗಿನ ಹದಿನೈದು ಯಾತ್ರಾಗೀತೆಗಳು, ಹಬ್ಬಕ್ಕೆ ಯೆರೂಸಲೇಮಿಗೆ ಹತ್ತಿ ಹೋಗುವವರ ಹಾಡುಗಳು. ಹೊರಡುವಾಗ 121. ಗಂಗಾವತಿ ಸೀಮೆಯ ಎಡದಂಡೆ ನಾಲೆ ಪಕ್ಕ ಭತ್ತದ ಗದ್ದೆ ಕಂಡಲ್ಲಿ ಗಾಡಿ ನಿಲ್ಲಿಸಿ ಕೀರ್ತನೆ 65:9–13. ನೇಗಿಲಿನ ಸಾಲುಗಳಿಗೆ ನೀರು ತುಂಬಿ ಹೆಂಟೆ ಕರಗಿಸುವ ಮಾತು ಅಲ್ಲಿದೆ, ನಾಲೆ ನೀರಿನ ಊರಿನ ಮಕ್ಕಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆನೆಗೊಂದಿಯ ಬಂಡೆಗಳ ನಡುವೆ ಮಧ್ಯಾಹ್ನ ಕೂತಾಗ ಯೆಶಾಯ 32:2. ಬೆಂದ ನೆಲದಲ್ಲಿ ದೊಡ್ಡ ಬಂಡೆಯ ನೆರಳು ಅಂದರೇನು ಅಂತ ಬಿಸಿಲಿನಿಂದ ಆ ನೆರಳಿಗೆ ಕಾಲಿಟ್ಟ ಮಗುವಿಗೆ ಗೊತ್ತು. ಕಲ್ಲಿನ ಮೇಲೆ ಕೈ ಇಟ್ಟು ನೋಡಲು ಹೇಳಿ: ಬಿಸಿಲ ಕಡೆಯದು ಸುಡುತ್ತದೆ, ನೆರಳ ಕಡೆಯದು ತಣ್ಣಗಿರುತ್ತದೆ. ಆಮೇಲೆ ಓದಿ.

ಶನಿವಾರ ಸಂಜೆ ಲೂಕ 2:41–52. ಬೈಬಲ್‌ನಲ್ಲಿರುವ ಕುಟುಂಬ ಪ್ರವಾಸದ ಕಥೆಯೇ ಅದು. ನೆಂಟರಿಷ್ಟರ ಗುಂಪು, ಹಬ್ಬ ಮುಗಿಸಿ ವಾಪಸ್, ಮಗ ಗುಂಪಿನಲ್ಲಿ ಎಲ್ಲೋ ಇದ್ದಾನೆ ಅಂದುಕೊಂಡು ಒಂದು ದಿನದ ದಾರಿ ನಡೆದುಬಿಡುತ್ತಾರೆ, ಮೂರು ದಿನದ ಮೇಲೆ ಸಿಗುತ್ತಾನೆ. ಹಂಪಿಯಲ್ಲಿ ಪ್ರತಿ ನಿಲುಗಡೆಯಲ್ಲೂ ತಲೆ ಎಣಿಸಿ, ಸಣ್ಣ ಮಗುವಿನ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ ಅನ್ನುವುದಕ್ಕೂ ಈ ಭಾಗ ಸಾಕು.

ಹಂಪಿಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಡೆದ ಮೂರ್ತಿಗಳನ್ನು ತೋರಿಸಿ ನಮ್ಮ ದೇವರು ದೊಡ್ಡವನು ಅಂತ ಮಕ್ಕಳಿಗೆ ಪಾಠ ಮಾಡುವವರು ಇದ್ದಾರೆ. ದಯವಿಟ್ಟು ಮಾಡಬೇಡಿ. 1565ರ ಯುದ್ಧದ ನಂತರ ಹಾಳಾದದ್ದು ಜನ ಬದುಕಿದ್ದ ಊರು. ವಿರೂಪಾಕ್ಷ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ, ಬೀಗಿತಿಯವರು ಅಲ್ಲಿ ಕೈ ಮುಗಿಯುತ್ತಾರೆ. ಅಪೊಸ್ತಲ ಪೌಲನು ಗ್ರೀಕರ ಅಥೇನೆ ಪಟ್ಟಣದಲ್ಲಿ (ಅಪೊಸ್ತಲರ ಕೃತ್ಯಗಳು 17:22ರಿಂದ) ಊರೆಲ್ಲ ಸುತ್ತಿ ನೋಡಿ, ಅಲ್ಲಿನವರ ಭಕ್ತಿಯನ್ನು ಒಪ್ಪಿಕೊಂಡೇ ಮಾತು ಶುರು ಮಾಡಿದ. ನೋವಾಗಿದ್ದರೂ ಹಂಗಿಸಲಿಲ್ಲ. ಅಷ್ಟು ಮಕ್ಕಳಿಗೆ ಹೇಳಿದರೆ ಸಾಕು.

ಬೀಗಿತಿಯವರಿಗೆ ರೋಮಾಪುರದವರಿಗೆ 14:2–3 ಮನಸ್ಸಿನಲ್ಲಿಟ್ಟುಕೊಳ್ಳಿ. ಎಲ್ಲವನ್ನೂ ತಿನ್ನುವವನು ಕಾಯಿಪಲ್ಯ ತಿನ್ನುವವನನ್ನು ಹೀನೈಸಬಾರದು ಅಂತ ನೇರವಾಗಿ ಇದೆ. ಮೂರು ದಿನ ಎಲ್ಲರೂ ಸಸ್ಯಾಹಾರವೇ ತಿಂದರೆ ಪಾತ್ರೆ, ತಟ್ಟೆ, ಖಾನಾವಳಿಯ ಗೊಂದಲವೇ ಇಲ್ಲ. ಅವರು ಸ್ನಾನ, ಲಿಂಗಪೂಜೆ ಆಗದೆ ಏನೂ ತಿನ್ನುವುದಿಲ್ಲ. ಆದ್ದರಿಂದ ಮೊದಲ ಸ್ನಾನ ಅವರದು, ಬಾಗಿಲು ಹಾಕಿಕೊಳ್ಳಲು ಅರ್ಧ ತಾಸು ಒಂದು ಕೋಣೆ, ಹೊರಡುವುದು ಏಳೂವರೆಗೆ. ಗಾಡಿಯಲ್ಲಿ ಐದು ನಿಮಿಷದ ಪ್ರಾರ್ಥನೆಗೆ ಅವರು ಸುಮ್ಮನೆ ಕೂತಿರುತ್ತಾರೆ. ಸಂಜೆಯದಕ್ಕೆ ಬರಬೇಕೆಂದು ಕರೆಯಬಹುದು, ಬರದಿದ್ದರೆ ಯಾಕೆಂದು ಕೇಳಬೇಡಿ. ಮಾವನವರು ಪ್ರಾರ್ಥನೆಯಲ್ಲಿ ಅವರ ಹೆಸರು ಹಿಡಿದು ಮನಸ್ಸು ತಿರುಗಿಸು ಅಂತ ಬೇಡುವುದು ಬೇಡ. ಎದುರಿಗಿರುವ ಅತಿಥಿಗೆ ಅದು ಪ್ರಾರ್ಥನೆಯಾಗಿ ಕೇಳುವುದಿಲ್ಲ.

---

ಜಪಮಾಲೆ, ರಾಯಚೂರು

ಮುದಗಲ್ ಚರ್ಚ್ ಬಗ್ಗೆ ಕೇಳಿದ್ದೀರಿ. ಅಲ್ಲಿನ ಕ್ರೈಸ್ತ ಸಮುದಾಯ ಆದಿಲ್‌ಶಾಹಿ ಕಾಲದ್ದು. ಗೋವಾ ಕಡೆಯಿಂದ ಬಂದ ಜೆಸ್ವಿಟ್ (ಕ್ಯಾಥೊಲಿಕರ ಒಂದು ಸನ್ಯಾಸಿ ಸಂಘ) ಗುರುಗಳಿಂದ ಶುರುವಾದದ್ದು. ಸಂತ ಫ್ರಾನ್ಸಿಸ್ ಕ್ಸೇವಿಯರ್ ಗೋವಾ ಮುಟ್ಟಿದ್ದು 1542ರಲ್ಲಿ, ಅದರ ಬೆನ್ನಿಗೆ ಬಂದ ಗುರುಗಳ ಕಾಲದ ಮಾತು. ಬ್ರಿಟಿಷರು ಬರುವುದಕ್ಕೆ ಬಹಳ ಮೊದಲೇ, ಒಬ್ಬ ಮುಸಲ್ಮಾನ ಸುಲ್ತಾನನ ಆಳ್ವಿಕೆಯಲ್ಲಿ, ಕೋಟೆಯ ಊರಿನಲ್ಲಿ ಬೇರು ಬಿಟ್ಟ ಸಭೆ ಅದು. ನಮ್ಮ ಧರ್ಮ ಬಿಳಿಯರು ತಂದದ್ದು, ನಿನ್ನೆ ಮೊನ್ನೆಯದು ಅಂತ ಶಾಲೆಯಲ್ಲಿ ಕೇಳಿಸಿಕೊಂಡು ಬರುವ ಮಕ್ಕಳನ್ನು ಮೊದಲು ಕರೆದೊಯ್ಯಬೇಕಾದ ಊರು ಮುದಗಲ್.

ಚರ್ಚ್ ಮಧ್ಯಾಹ್ನ ಮುಚ್ಚಿರಬಹುದು. ಸುಮ್ಮನೆ ಹೋಗಿ ಬಾಗಿಲು ನೋಡಿ ವಾಪಸ್ ಬರುವುದಕ್ಕಿಂತ, ಮೊದಲೇ ಗುರುಗಳ ಮನೆಗೆ ಫೋನ್ ಮಾಡಿ ಹತ್ತು ಜನ ಇಷ್ಟೊತ್ತಿಗೆ ಬರುತ್ತೇವೆ ಅಂತ ಹೇಳಿ. ಮೊಹರಂ ದಿನಗಳಲ್ಲಿ ಮುದಗಲ್‌ಗೆ ಊರೂರಿನಿಂದ ಜನ ಬರುತ್ತಾರೆ, ಗಾಡಿ ಒಳಗೆ ಹೋಗುವುದಿಲ್ಲ. ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ನಿಮ್ಮ ದಸರಾ ಪ್ರವಾಸಕ್ಕೆ ಸದ್ಯ ಅಡ್ಡಿ ಇಲ್ಲ.

ಬಾಗಿಲಲ್ಲಿ ಚಪ್ಪಲಿಗಳು ಕಂಡರೆ ನೀವೂ ಬಿಡಿ. ಒಳಗೆ ಮಾತೆ ಮರಿಯಮ್ಮನವರ, ಸಂತರ ಪ್ರತಿಮೆಗಳಿರುತ್ತವೆ. ಮಾವನವರಿಗೆ ಇದು ಒಗ್ಗದಿದ್ದರೆ ಮನೆಯಲ್ಲೇ ಮಾತಾಡಿ ಮುಗಿಸಿಕೊಂಡು ಬನ್ನಿ, ಅಲ್ಲಿ ಮೊಣಕಾಲೂರಿ ಕೂತವರ ಬೆನ್ನ ಹಿಂದೆ ಚರ್ಚೆ ಬೇಡ. ದಿವ್ಯಪ್ರಸಾದದ ಪೆಟ್ಟಿಗೆಯ ಹತ್ತಿರ ಕೆಂಪು ದೀಪ ಉರಿಯುತ್ತಿದ್ದರೆ ಅಲ್ಲಿ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಇದೆ ಎಂದರ್ಥ. ಕ್ಯಾಥೊಲಿಕರಿಗೆ ಅದು ಕ್ರಿಸ್ತನ ಸಾನ್ನಿಧ್ಯ, ಆ ಕಡೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಮನಸ್ಸಿಗೆ ತಾಕುತ್ತದೆ. ಪೂಜೆಯ ವೇಳೆಗೆ ಹೋದರೆ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರೊಡನೆ ನಿಂತು ಕೂರಬಹುದು. ಪರಮಪ್ರಸಾದಕ್ಕೆ ಸಾಲು ಬಂದಾಗ ಕ್ಯಾಥೊಲಿಕರಲ್ಲದವರು ಜಾಗದಲ್ಲೇ ಇರಿ. ನಿಮ್ಮ ಸಭೆಯಲ್ಲಿ ಪ್ರಭುಭೋಜನಕ್ಕೆ ಹೊರಗಿನವರನ್ನೂ ಕರೆಯುವ ರೂಢಿ ಇದ್ದರೆ ಮಕ್ಕಳು ಎದ್ದು ಹೋಗಿಬಿಡಬಹುದು, ಮೊದಲೇ ಹೇಳಿಟ್ಟಿರಿ. ಇದು ಅವಮಾನವಲ್ಲ, ಸಭೆಗಳು ಇನ್ನೂ ಒಂದಾಗದ ನೋವು ಆ ಜಾಗದಲ್ಲಿ ಕಾಣುತ್ತದೆ. ಹದಿನೈದರ ಹುಡುಗನಿಗೆ ಹಾಗೆಯೇ ಹೇಳಬಹುದು.

ಸಂಜೆಯ ಹದಿನೈದು ನಿಮಿಷಕ್ಕೆ ಒಂದು ಕ್ರಮ ಕೊಡುತ್ತೇನೆ. ಜೆಸ್ವಿಟ್ ಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಕಲಿಸಿದ್ದು, ಐದು ಹೆಜ್ಜೆ: ದಿನಕ್ಕಾಗಿ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ಆದದ್ದನ್ನು ಒಂದೊಂದಾಗಿ ನೆನೆಯುವುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗಾಗಿ ಕೃಪೆ. ಕುಟುಂಬದಲ್ಲಿ ಮಾಡುವಾಗ ಮೂರನೆಯ ಹೆಜ್ಜೆಯಲ್ಲಿ ಪ್ರತಿಯೊಬ್ಬರೂ ಒಂದೇ ಸಂಗತಿ ಹೇಳಲಿ: ಇವತ್ತು ಯಾವುದಕ್ಕೆ ಖುಷಿಯಾಯಿತು, ಅಥವಾ ಯಾವುದಕ್ಕೆ ಸಿಟ್ಟು ಬಂತು. ಸಿಟ್ಟೂ ನಡೆಯುತ್ತದೆ. ಯಾರೂ ತಿದ್ದಬಾರದು, ಉತ್ತರ ಕೊಡಬಾರದು. ಸಣ್ಣ ಮಗುವಿನಿಂದ ಶುರು ಮಾಡಿ ಅಜ್ಜನಲ್ಲಿ ಮುಗಿಸಿ. ದೊಡ್ಡವರು ಮೊದಲು ಮಾತಾಡಿದರೆ ಮಕ್ಕಳು ಅದನ್ನೇ ತಿರುಗಿಸಿ ಹೇಳುತ್ತವೆ.

ಭಾನುವಾರದ ಬಗ್ಗೆ: ಕ್ಯಾಥೊಲಿಕರು ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೆ ಭಾನುವಾರದ ಕಟ್ಟಳೆ ಪೂರೈಸಿದಂತೆ. ನಿಮಗೆ ಆ ಅನುಕೂಲ ಇಲ್ಲ, ಬೆಳಗಿನ ಆರಾಧನೆಗೆ ಬಳ್ಳಾರಿಯಲ್ಲಿ ಇರಬೇಕಾದರೆ ಶನಿವಾರ ರಾತ್ರಿ ಎಲ್ಲಿ ಉಳಿಯುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ.

---

ಹಳೇ ಅಚ್ಚುಮೊಳೆ

ಬಳ್ಳಾರಿಯನ್ನು ಯೋಜನೆಯಿಂದ ತೆಗೆಯಬೇಡಿ. ಬೇಕಾದರೆ ಮಸ್ಕಿ ಬಿಡಿ. ಅಶೋಕನ ಹೆಸರು ಕೊರೆದ ಶಾಸನ 1915ರಲ್ಲಿ ಅಲ್ಲಿ ಸಿಕ್ಕಿದ್ದು ಹೌದು, ಆದರೆ ಅದು ಸಿಂಧನೂರಿನಿಂದ ಯಾವ ಭಾನುವಾರ ಮಧ್ಯಾಹ್ನವಾದರೂ ಹೋಗಿ ಬರಬಹುದಾದ ದೂರ.

ಅತ್ತೆಯವರ ಕೈಯಲ್ಲಿರುವ ಕನ್ನಡ ಸತ್ಯವೇದದ ದಾರಿ ಬಳ್ಳಾರಿಯಿಂದಲೇ ಹೊರಟದ್ದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಆಗ ಕನ್ನಡ ಕಲಿಯಲು ಅಚ್ಚಾದ ವ್ಯಾಕರಣ ಇರಲಿಲ್ಲ. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಅಂದರೆ ಆತ ಬಳ್ಳಾರಿಯ ಜನರ ಬಾಯಿಂದ, ಪಂಡಿತರಿಂದ ಮಾತು ಕಲಿತು, ಜೊತೆಜೊತೆಗೇ ಭಾಷಾಂತರ ಶುರು ಮಾಡಿದ. ಆಮೇಲೆ ಬಂದ ವಿಲಿಯಂ ರೀವ್ ಕೈಜೋಡಿಸಿದ. ಇಡೀ ಬೈಬಲ್ ಕನ್ನಡದಲ್ಲಿ ಮುಗಿದದ್ದು 1831ರ ಹೊತ್ತಿಗೆ. ಇಪ್ಪತ್ತು ವರ್ಷದ ಕೆಲಸ. ಆ ದುಡಿಮೆಯ ಪಕ್ಕದಲ್ಲೇ ರೀವ್‌ನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದವು. ಕಿಟೆಲ್ ನಿಘಂಟಿಗೆ ಇನ್ನೂ ಅರವತ್ತು ವರ್ಷ ಬಾಕಿ ಇತ್ತು. ಮಿಷನರಿ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಮಂಗಳೂರ ಸಮಾಚಾರ ಪತ್ರಿಕೆ ಮರುವರ್ಷ ಬಳ್ಳಾರಿಯಲ್ಲಿ ಕನ್ನಡ ಸಮಾಚಾರ ಎಂಬ ಹೆಸರಿನಲ್ಲಿ ಅಚ್ಚಾಗುತ್ತಿತ್ತು.

ಇದನ್ನು ಮಕ್ಕಳಿಗೆ ತಲುಪಿಸುವುದು ಕಟ್ಟಡ ತೋರಿಸಿ ಅಲ್ಲ. ಲಂಡನ್ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು, ಆ ಮಿಷನ್ನಿನ ವಾರ್ಡ್ಲಾ ಶಾಲೆಯ ಹೆಸರು ಊರಿನಲ್ಲಿ ಈಗಲೂ ಇದೆ, ಆದರೆ ಹನ್ನೊಂದು ವರ್ಷದ ಮಗುವಿಗೆ ಹಳೆಯ ಗೋಡೆ ಏನೂ ಹೇಳುವುದಿಲ್ಲ. ಬದಲಿಗೆ ಒಂದು ಕೆಲಸ ಕೊಡಿ. ಯೋಹಾನ 1:1–5 ಅನ್ನು ಇಂಗ್ಲಿಷ್ ಬೈಬಲ್‌ನಿಂದ ಓದಿಸಿ, ಮೂವರೂ ಸೇರಿ ಸಿಂಧನೂರಿನ ಆಡುಮಾತಿನಲ್ಲಿ ಬರೆಯಲಿ. ನಿಘಂಟು, ಫೋನ್ ಎರಡೂ ಇಲ್ಲ. ಅರ್ಧ ತಾಸು. ಐದು ವಚನಕ್ಕೆ ಎಷ್ಟು ಸಲ ಹೊಡೆದು ಬರೆಯಬೇಕಾಗುತ್ತದೆ ಅಂತ ಕೈಗೇ ಗೊತ್ತಾಗುತ್ತದೆ. ಆಮೇಲೆ ಅತ್ತೆಯವರು ಅದೇ ಭಾಗವನ್ನು ತಮ್ಮ ಸತ್ಯವೇದದಿಂದ ಓದಲಿ.

ಗಟ್ಟಿಯಾಗಿ ಒಟ್ಟಿಗೆ ಓದುವುದಾದರೆ ಎಲ್ಲರ ಕೈಯಲ್ಲೂ ಒಂದೇ ಭಾಷಾಂತರ ಇರಲಿ. ಹಳೆಯ ಸತ್ಯವೇದ ಮತ್ತು ಕ್ಯಾಥೊಲಿಕರೂ ಬಳಸುವ ಹೊಸ ಭಾಷಾಂತರದ ವಾಕ್ಯಗಳು ಹೊಂದುವುದಿಲ್ಲ, ಮಕ್ಕಳು ಮಧ್ಯದಲ್ಲಿ ನಿಲ್ಲಿಸಿಬಿಡುತ್ತವೆ. ಹಾಡುಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಬಂಡೆಗಳ ನಡುವೆ ಎಲ್ಲ ಕಡೆ ನೆಟ್‌ವರ್ಕ್ ಸಿಗುವುದಿಲ್ಲ.

---

ಸಿಂಧನೂರಿನ ಸೊಸೆ

ಎಲ್ಲರಿಗೂ ತುಂಬಾ ಉಪಕಾರವಾಯಿತು. ಡ್ಯಾಮ್, ಮಸ್ಕಿ ಎರಡೂ ಬಿಟ್ಟೆವು. ಧರ್ಮೋಪದೇಶಕಾಂಡದ ಆ ವಚನವನ್ನು ಮಾವನವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಟ್ಟೆ ತೊಳೆಯುವ ಪಾಳಿಯಲ್ಲಿ ತಮ್ಮ ಹೆಸರೂ ಹಾಕಿ ಅಂದರು.

ಎರಡು ಪ್ರಶ್ನೆ ಉಳಿದಿವೆ. ದೊಡ್ಡ ಮಗ ಕೇಳುತ್ತಾನೆ: ಹಂಪಿಯ ಬಂಡೆಗಳಿಗೆ ಕೋಟ್ಯಂತರ ವರ್ಷ ಅಂತ ವಿಜ್ಞಾನ ಹೇಳುತ್ತದೆ, ಆದಿಕಾಂಡ ಆರು ದಿನ ಅನ್ನುತ್ತದೆ, ಯಾವುದು ನಿಜ? ಅವನಿಗೆ ಪ್ರಾರ್ಥನೆಯಲ್ಲಿ ಕೂರು ಅಂತ ಒತ್ತಾಯ ಮಾಡಬೇಕೇ? ಮತ್ತೆ ಶನಿವಾರ ರಾತ್ರಿ ಹೊಸಪೇಟೆಯೋ ಬಳ್ಳಾರಿಯೋ?

---

ಭಾನುವಾರದ ಶಾಲೆ

ಮಾವನವರಿಗೆ ನನ್ನ ವಂದನೆ ತಿಳಿಸಿ.

ಹುಡುಗನ ಪ್ರಶ್ನೆಯನ್ನು ಎಲ್ಲರೆದುರು ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ. ಅವನು ಹೇಳುವುದು ಸರಿ. ರಾಮನಗರದಿಂದ ಕೊಪ್ಪಳ ಸೀಮೆಯವರೆಗೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ. ಬಂಡೆಗಳನ್ನು ಯಾರೂ ತಂದು ಒಟ್ಟಿದ್ದಲ್ಲ. ನೆಲದೊಳಗಿನ ಕಲ್ಲು ಸೀಳುಬಿಟ್ಟು, ಆ ಸೀಳಿನಲ್ಲಿ ನೀರಿಳಿದು ಅಂಚು ಸವೆದು, ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ದುಂಡಗೆ ಉಳಿದದ್ದು. ಕಲ್ಲಿಗೆ ಎಷ್ಟು ವಯಸ್ಸು ಅಂತ ಹೇಳಲು ಆದಿಕಾಂಡದ ಮೊದಲ ಅಧ್ಯಾಯ ಬರೆದದ್ದಲ್ಲ. ಇದೆಲ್ಲ ಯಾರದು, ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಅದು ಹೇಳುತ್ತದೆ ಅಂತ ಓದುವ ಕ್ರೈಸ್ತರು ಬಹಳ ಇದ್ದಾರೆ, ಅವರ ವಿಶ್ವಾಸ ಕಡಿಮೆಯದಲ್ಲ. ಅಕ್ಷರಶಃ ಆರು ದಿನ ಅನ್ನುವವರೂ ನಮ್ಮ ಸಭೆಗಳಲ್ಲಿದ್ದಾರೆ. ಎರಡೂ ಹೇಳಿ, ಕೀರ್ತನೆ 90:2–4 ಅವನೇ ಓದಲಿ. ಬೆಟ್ಟಗಳು ಹುಟ್ಟುವುದಕ್ಕೆ ಮೊದಲು ಅನ್ನುವ ಮಾತು ಅಲ್ಲಿದೆ. ಗ್ರಾನೈಟ್ ಬಗ್ಗೆ ಎಲ್ಲರಿಗೂ ವಿವರಿಸುವ ಕೆಲಸವನ್ನು ಅವನಿಗೇ ಕೊಟ್ಟುಬಿಡಿ.

ಒತ್ತಾಯದ ವಿಷಯ. ಸಂಜೆಯ ಹದಿನೈದು ನಿಮಿಷ ಊಟದ ಹಾಗೆ ಮನೆಯ ಕ್ರಮ, ಕೂರಬೇಕು. ಬಾಯಿ ಬಿಟ್ಟು ಪ್ರಾರ್ಥಿಸು ಅಂತ ಮಾತ್ರ ಹೇಳಬೇಡಿ, ಎಲ್ಲರೆದುರು ಸಾಕ್ಷಿ ಹೇಳಿಸಬೇಡಿ. ಹದಿನೈದರ ವಯಸ್ಸಿನವರು ಅಲ್ಲಿ ಕಲಿಯುವುದು ದೊಡ್ಡವರಿಗೆ ಬೇಕಾದ ಮಾತು ಒಪ್ಪಿಸುವುದನ್ನು. ಲೂಕ 2:46 ಓದುವಾಗ ಗಮನಿಸಿ: ಹನ್ನೆರಡರ ಯೇಸು ಬೋಧಕರ ನಡುವೆ ಕೂತು ಕೇಳುತ್ತಿದ್ದ, ಪ್ರಶ್ನೆ ಮಾಡುತ್ತಿದ್ದ. 50ನೆಯ ವಚನದಲ್ಲಿ ತಂದೆತಾಯಿಗೆ ಅವನ ಮಾತು ಅರ್ಥವಾಗಲಿಲ್ಲ ಅಂತಲೂ ಇದೆ. ಅವನಿಗೆ ದುಗುಡ ಏನಾದರೂ ಇದ್ದರೆ ಕೀರ್ತನೆ 13 ತೋರಿಸಿ, ಆರೇ ವಚನ. ದೇವರಿಗೆ ಎಷ್ಟರವರೆಗೆ ಅಂತ ನೇರವಾಗಿ ಕೇಳುವ ಪ್ರಾರ್ಥನೆ.

ಉಳಿಯುವುದು ಬಳ್ಳಾರಿಯಲ್ಲೇ. ಶುಕ್ರವಾರ ರಾತ್ರಿ ಗಂಗಾವತಿ ಅಥವಾ ಆನೆಗೊಂದಿ, ಶನಿವಾರ ಹಂಪಿ ನೋಡಿ ನಾಲ್ಕಕ್ಕೆಲ್ಲ ಬಿಡಿ. ಕಮಲಾಪುರದಿಂದ ಬಳ್ಳಾರಿ ಒಂದೂವರೆ ತಾಸು, ಅದಿರು ಲಾರಿಗಳಿದ್ದರೆ ಎರಡು. ಭಾನುವಾರ ಬೆಳಗ್ಗೆ ಹೊಸಪೇಟೆಯಿಂದ ಹೊರಟರೆ ಬೀಗಿತಿಯವರ ಪೂಜೆ, ಹತ್ತು ಜನರ ಸ್ನಾನ, ರಸ್ತೆ ಎಲ್ಲ ಸೇರಿ ಆರಾಧನೆಗೆ ತಡವಾಗಿ, ಎಲ್ಲರೂ ಒಬ್ಬರ ಮೇಲೊಬ್ಬರು ರೇಗುತ್ತಾ ಒಳಗೆ ಕಾಲಿಡುವುದಾಗುತ್ತದೆ. ಕನ್ನಡ ಆರಾಧನೆ ಎಷ್ಟೊತ್ತಿಗೆ ಅಂತ ಆ ಸಭೆಗೆ ವಾರದ ಮೊದಲೇ ಫೋನ್ ಮಾಡಿ ಕೇಳಿ. ಬಳ್ಳಾರಿಯಲ್ಲಿ ತೆಲುಗು, ಇಂಗ್ಲಿಷ್ ಆರಾಧನೆಗಳೂ ಇರುತ್ತವೆ. ಬೀಗಿತಿಯವರು ಆ ಹೊತ್ತು ಕೋಣೆಯಲ್ಲೇ ಉಳಿಯಬಹುದು ಅಂತ ಲಾಡ್ಜಿನವರಿಗೆ ಹೇಳಿಟ್ಟು, ಖಾಲಿ ಮಾಡುವ ವೇಳೆಯನ್ನು ಮಧ್ಯಾಹ್ನಕ್ಕೆ ಬರೆಸಿಕೊಳ್ಳಿ. ಅತ್ತೆ ಮಾವನವರ ಮಾತ್ರೆ ಎರಡು ಕಡೆ ಹಂಚಿಡಿ. ವಾಂತಿ ಭೇದಿಯಾದಾಗ ನೀರಿಗೆ ಹಾಕಿ ಕುಡಿಸುವ ಪುಡಿ (ಓಆರ್‌ಎಸ್) ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಲೆಕ್ಕ, ಮೇಲೆ ಗೋಪುರ ಮಾಡದೆ. ಉಪ್ಪು ಹೆಚ್ಚಾದರೆ ಸಣ್ಣ ಮಗುವಿಗೆ ತೊಂದರೆ.

ದಸರಾ ವಾರದಲ್ಲಿ ಕೋಣೆ ಸಿಗುವುದೇ ಕಷ್ಟ, ಗಾಡಿ ಮಾತಾಡುವ ಮೊದಲು ಎರಡೂ ರಾತ್ರಿಯ ಕೋಣೆ ಹಿಡಿಯಿರಿ: ನಾಲ್ಕು ಕೋಣೆ, ಅದರಲ್ಲಿ ಎರಡು ನೆಲಮಹಡಿಯಲ್ಲಿ. ಡ್ರೈವರನ ಹಾಸಿಗೆ ಬೇರೆ.